ಫ್ಯಾನಿನ ಔಚಿತ್ಯ

ಜುಲೈ ತಿಂಗಳ ಒಂದು ಬೆಳಗಿನ ಜಾವ, ಇರುಳೆಲ್ಲ ಸುರಿದ ಮಳೆ ಕೊಂಚ ಬಿಡುವು ಕೊಟ್ಟಿದ್ದ ವೇಳೆಯಲ್ಲಿ, ಕುಂದಾಪುರದ ಕಡೆಯ ಒಂದು ಅಳಿವೆಯ ದಂಡೆಯ ಮೇಲೆ ನಿಂತು ನಾಡದೋಣಿಗಳು ಕಡಲಿಗಿಳಿಯುವುದನ್ನು ನೋಡುತ್ತಿದ್ದೆನು. ಜೂನ್ 1ರಿಂದ ಜುಲೈ 31ರ ವರೆಗೆ, ಒಟ್ಟು 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಮ್ಮ ರಾಜ್ಯದಲ್ಲಿ ನಿಷೇಧವಿರುವುದರಿಂದ ದೊಡ್ಡ ಬೋಟುಗಳೆಲ್ಲ ಬಂದರಿನೊಳಗೆ ಹೆಗಲಿಗೆ ಹೆಗಲು ತಾಗಿಸಿಕೊಂಡು ಮಳೆಯಲ್ಲಿ ನೆನೆಯುತ್ತಿದ್ದುವು. 10 ಅಶ್ವಶಕ್ತಿಯ ಮಿತಿಯೊಳಗಿನ ಎಂಜಿನನ್ನು ಕಟ್ಟಿಕೊಂಡ ನಾಡದೋಣಿಗಳಿಗೆ ಮಾತ್ರ ಕಡಲ ಬಾಗಿಲು ತೆರೆದಿತ್ತು. ಅವು ಒಂದೊಂದಾಗಿ ಅಳಿವೆಯ ಬಾಯಿಗೆ ಬಂದು, ಅಲೆಗಳ ಸಾಲನ್ನು ನೋಡುತ್ತ ಒಂದು ಕ್ಷಣ ತಡೆದು ನಿಂತು, ಎರಡು ದೊಡ್ಡ ಅಲೆಗಳ ನಡುವೆ ಸಿಕ್ಕುವ ಎಡೆಯನ್ನು ಹಿಡಿದು ಹೊರಕ್ಕೆ ನುಗ್ಗುತ್ತಿದ್ದುವು. ನನ್ನ ಪಕ್ಕದಲ್ಲಿ, ವಯಸ್ಸಿನ ಕಾರಣದಿಂದ ಕಡಲಿಗೆ ಹೋಗುವುದನ್ನು ಬಿಟ್ಟಿದ್ದ ತಾಂಡೇಲರೊಬ್ಬರು, ಎಂದರೆ ದೋಣಿ ನಡೆಸುವ ಮುಂದಾಳೊಬ್ಬರು, ಕೊಡೆ ಮಡಿಸಿ ಊರಿಕೊಂಡು ಕುಳಿತಿದ್ದರು. ಅವರ ದೃಷ್ಟಿ ದೋಣಿಗಳ ಮೇಲಿರಲಿಲ್ಲ. ಕಣ್ಣನ್ನು ಅರೆಮುಚ್ಚಿ ಅವರು ಎಂಜಿನುಗಳ ಸದ್ದನ್ನು ಮಾತ್ರ ಆಲಿಸುತ್ತಿದ್ದರು. ಒಂದು ದೋಣಿ ಗಂಟಲು ಕಟ್ಟಿದವನಂತೆ ತಗ್ಗುದನಿಯಲ್ಲಿ ನರಳುತ್ತ ಹೋಯಿತು. ಅದರ ಬೆನ್ನಿಗೇ ಇನ್ನೊಂದು, ಕಿವಿಯನ್ನು ಕೊರೆಯುವ ಎತ್ತರದ ದನಿಯಲ್ಲಿ ಚೀರುತ್ತ ಹೋಯಿತು.

"ಅದ್ಕೆ ಫ್ಯಾನ್ ಹೆಚ್ಚಾಯ್ತ್, ಇದ್ಕೆ ಸಾಕಾಯ್ಲ ಮಾರಾಯ್ರೆ" ಎಂದು ಅವರು ಹೇಳಿ ಮತ್ತೆ ಸುಮ್ಮನಾದರು.

ಪ್ರೊಪೆಲ್ಲರ್ ಎಂದು ಪುಸ್ತಕಗಳು ಕರೆಯುವ ವಸ್ತುವಿಗೆ ನಮ್ಮ ಕರಾವಳಿಯ ಬಂದರುಗಳಲ್ಲಿ ಸಲ್ಲುವ ಹೆಸರು ಫ್ಯಾನು ಎಂಬುದೇ ಆಗಿರುವುದರಿಂದ ನಾನೂ ಹಾಗೆಯೇ ಕರೆಯುತ್ತೇನೆ. ಮೀನುಗಾರಿಕೆಯನ್ನು ಕುರಿತು ಪತ್ರಿಕೆಗಳಲ್ಲಿ ನಾವು ಬರೆಯುವುದೇನೂ ಕಡಮೆಯಲ್ಲ. ಸೀಮೆಎಣ್ಣೆಯ ಕೋಟಾ ಬಂದಿತೋ ಇಲ್ಲವೋ, ಎಂಜಿನಿನ ಬೆಲೆ ಎಷ್ಟಕ್ಕೇರಿತು, ಅದಕ್ಕೆ ಸರ್ಕಾರದ ಸಹಾಯಧನ ಎಷ್ಟು, ಅಳಿವೆಯ ಹೂಳನ್ನು ಎತ್ತುವುದು ಯಾವಾಗ, ಇವೆಲ್ಲ ವರ್ಷ ವರ್ಷವೂ ಚರ್ಚೆಗೆ ಬರತಕ್ಕ ವಿಷಯಗಳು. ಆದರೆ ಆ ಎಂಜಿನಿನ ಶಕ್ತಿಯೆಲ್ಲ ಕಟ್ಟಕಡೆಗೆ ಯಾವ ಅಂಗೈಯಗಲದ ಲೋಹದ ರೆಕ್ಕೆಗಳ ಮೂಲಕ ಹಾದು ನೀರನ್ನು ಸೇರಬೇಕೋ ಆ ಫ್ಯಾನಿನ ಬಗೆಗೆ ಒಂದು ಸಾಲನ್ನು ನಾನು ಓದಿದ ನೆನಪಿಲ್ಲ. ಮದುವೆಯ ಸಿದ್ಧತೆಯಲ್ಲಿ ಮಂಟಪ, ವಾಲಗ, ಊಟ ಎಲ್ಲವನ್ನೂ ನಿಶ್ಚಯಿಸಿ ಮುಹೂರ್ತವನ್ನು ಕೇಳಲು ಮರೆತವರ ಹಾಗೆ ನಮ್ಮ ವ್ಯವಹಾರ ಇದೆ.

ಗಾಡಿಯ ಚಕ್ರಕ್ಕಿರುವಂತೆ ಫ್ಯಾನಿಗೂ ನಡುವೆ ಒಂದು ಗುಂಬವುಂಟು. ಆ ಗುಂಬದ ಮೇಲೆಯೋ ರೆಕ್ಕೆಯ ಬುಡದಲ್ಲಿಯೋ ಸಾಮಾನ್ಯವಾಗಿ ಎರಡು ಅಂಕಿಗಳನ್ನು ಅಚ್ಚೊತ್ತಿರುತ್ತಾರೆ. ಮೊದಲನೆಯದು ವ್ಯಾಸ, ಅಂದರೆ ತಿರುಗುವಾಗ ರೆಕ್ಕೆಯ ತುದಿಗಳು ಬರೆಯುವ ವೃತ್ತದ ಅಗಲ. ಎರಡನೆಯದು ಪಿಚ್ಚು. ತಿರುಪುಮೊಳೆಯನ್ನು ಮರದೊಳಕ್ಕೆ ಒಂದು ಸುತ್ತು ತಿರುವಿದರೆ ಅದು ತನ್ನ ಎಳೆಗಳ ಅಂತರಕ್ಕೆ ಸರಿಯಾದಷ್ಟು ಒಳಕ್ಕೆ ಹೋಗುವುದಷ್ಟೆ. ಹಾಗೆಯೇ ನೀರು ಮರದಂತೆ ಗಟ್ಟಿಯಾಗಿದ್ದುದಾದರೆ, ಫ್ಯಾನು ಒಂದು ಸುತ್ತಿಗೆ ಎಷ್ಟು ಇಂಚು ಮುಂದಕ್ಕೆ ಹೋಗಬೇಕಾಗಿತ್ತೋ ಆ ಅಳತೆಯೇ ಪಿಚ್ಚು. ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಬಹುದು. ಎಂಜಿನು ನಿಮಿಷಕ್ಕೆ 5000 ಸುತ್ತು ತಿರುಗುತ್ತಿದೆ ಎಂದೂ, ನೀರಿನೊಳಗಿನ ಗೇರು ಅದನ್ನು ಅರ್ಧಕ್ಕೆ ಇಳಿಸಿ ಫ್ಯಾನಿಗೆ 2500 ಸುತ್ತು ಕೊಡುತ್ತಿದೆ ಎಂದೂ, ಫ್ಯಾನಿನ ಪಿಚ್ಚು 9 ಇಂಚು ಎಂದೂ ಇಟ್ಟುಕೊಳ್ಳೋಣ. ನಿಮಿಷಕ್ಕೆ 22,500 ಇಂಚು, ಎಂದರೆ 1875 ಅಡಿ. ಗಂಟೆಗೆ ಸುಮಾರು ಹದಿನೆಂಟೂವರೆ ನಾಟಿಕಲ್ ಮೈಲಿ. ಬಲೆ, ಮಂಜುಗಡ್ಡೆ, ಆಳುಗಳನ್ನು ಹೊತ್ತ ನಾಡದೋಣಿಯಾದರೋ ಇದರ ಅರ್ಧ ವೇಗವನ್ನು ಮುಟ್ಟಿದರೆ ಅದೇ ಹೆಚ್ಚು. ಉಳಿದ ಅರ್ಧವನ್ನು ನೀರು ಜಾರಿಸಿಬಿಡುತ್ತದೆ. ಹಗುರವಾದ, ನೀರಿನ ಮೇಲೆ ಚಿಮ್ಮಿ ಓಡುವ ದೋಣಿಯಲ್ಲಿ ಈ ಜಾರು ನೂರಕ್ಕೆ ಹತ್ತೋ ಹದಿನೈದೋ ಇರಬಹುದು. ನೀರನ್ನು ಸೀಳಿಕೊಂಡು ಹೋಗಬೇಕಾದ ಭಾರದ ದೋಣಿಯಲ್ಲಿ ಅದು ನೂರಕ್ಕೆ ಐವತ್ತನ್ನೂ ದಾಟೀತು. ಒಂದೇ ಎಂಜಿನು, ಒಂದೇ ಫ್ಯಾನು, ಆದರೆ ದೋಣಿ ಬೇರೆಯಾದೊಡನೆ ಲೆಕ್ಕವೆಲ್ಲ ಬೇರೆಯಾಗುವುದು ಹೀಗೆ.

ಪ್ರತಿಯೊಂದು ಔಟ್‌ಬೋರ್ಡ್ ಎಂಜಿನಿನ ಕೈಪಿಡಿಯಲ್ಲಿಯೂ, ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಅದು ನಿಮಿಷಕ್ಕೆ ಇಷ್ಟರಿಂದ ಇಷ್ಟು ಸುತ್ತುಗಳ ಒಳಗೆ ತಿರುಗತಕ್ಕದ್ದು ಎಂಬ ಮಿತಿಯನ್ನು ತಯಾರಕರು ಕೊಟ್ಟಿರುತ್ತಾರೆ. ದುಡಿಮೆಗೆಂದು ಮಾಡಿದ ಹಳೆಯ ಮಾದರಿಯ ಟೂ-ಸ್ಟ್ರೋಕ್ ಎಂಜಿನುಗಳಲ್ಲಿ ಇದು ಸಾಧಾರಣವಾಗಿ 4500ರಿಂದ 5500, ಈಚಿನ ಫೋರ್-ಸ್ಟ್ರೋಕ್ ಎಂಜಿನುಗಳಲ್ಲಿ ಬಹುಮಟ್ಟಿಗೆ 5000ದಿಂದ 6000. ಈ ಎರಡು ಅಂಕಿಗಳ ನಡುವಣ ಪ್ರದೇಶವೇ ಎಂಜಿನಿನ ಕ್ಷೇಮದ ಪ್ರದೇಶ. ಎಂಜಿನು ಅದರ ಒಳಗೆ ಬಂದು ನಿಲ್ಲುವುದೋ, ಕೆಳಗೆ ಕುಸಿಯುವುದೋ, ಮೇಲಕ್ಕೆ ಹಾರುವುದೋ ಎಂಬುದನ್ನು ನಿರ್ಣಯಿಸುವುದು ಎಂಜಿನಲ್ಲ, ಅದನ್ನು ನಡೆಸುವವನ ಕೈಯೂ ಅಲ್ಲ. ಹಿಂದೆ ನೀರಿನಲ್ಲಿ ಮುಳುಗಿರುವ ಫ್ಯಾನು.

ಪಿಚ್ಚು ಹೆಚ್ಚಾದ ಫ್ಯಾನನ್ನು ಕಟ್ಟಿದಾಗ ಏನಾಗುತ್ತದೆ? ಘಟ್ಟದ ಏರಿನಲ್ಲಿ ತುಂಬಿದ ಲಾರಿಯನ್ನು ಮೇಲಿನ ಗೇರಿನಲ್ಲಿಯೇ ಹತ್ತಿಸಲು ಹೊರಟ ಚಾಲಕನ ಅವಸ್ಥೆಯನ್ನು ನೆನೆದರೆ ಸಾಕು. ಆಕ್ಸಿಲರೇಟರ್ ಪೂರ್ತಿ ತೆರೆದಿದೆ, ಇಂಧನ ಪೂರ್ತಿ ಹರಿಯುತ್ತಿದೆ, ಸಿಲಿಂಡರಿನೊಳಗೆ ಉರಿಯ ಒತ್ತಡವೂ ಪೂರ್ತಿಯಾಗಿದೆ. ಆದರೆ ಹೊರೆ ಮಿತಿಮೀರಿದುದರಿಂದ ಎಂಜಿನು 4000 ಸುತ್ತಿಗೇ ನಿಂತುಬಿಡುತ್ತದೆ. ಉರಿದ ಅನಿಲದ ಒತ್ತಡ ತಳ್ಳಿದಂತೆ ಬೇಗನೆ ಕೆಳಗಿಳಿಯಬೇಕಾದ ಪಿಸ್ಟನ್ನು ತಡೆದು ತಡೆದು ಇಳಿಯುತ್ತದೆ. ಬಿಸಿ ಏರುತ್ತದೆ, ಪಿಸ್ಟನ್ನಿನ ತಲೆಯ ಮೇಲೆಯೂ ಉಂಗುರಗಳ ಸಂದಿನಲ್ಲಿಯೂ ಮಸಿ ಕಟ್ಟುತ್ತದೆ, ಬೇರಿಂಗುಗಳ ಮೇಲೆ ಪ್ರತಿಯೊಂದು ಹೊಡೆತವೂ ಸುತ್ತಿಗೆಯ ಪೆಟ್ಟಿನಂತೆ ಬೀಳುತ್ತದೆ. ದೋಣಿಯ ಒಡೆಯನಿಗೆ ಇದಾವುದೂ ಕಾಣಿಸುವುದಿಲ್ಲ. ಅವನಿಗೆ ಕೇಳಿಸುವುದು ಗಂಭೀರವಾದ ತಗ್ಗುದನಿ. ಎಂಜಿನು ಆಯಾಸವಿಲ್ಲದೆ, ಅಬ್ಬರವಿಲ್ಲದೆ ದುಡಿಯುತ್ತಿದೆ ಎಂದೇ ಅವನು ಭಾವಿಸುತ್ತಾನೆ.

ಈ ಭ್ರಮೆ ನಮ್ಮ ಕರಾವಳಿಯಲ್ಲಿ ಬೇರೆಡೆಗಳಿಗಿಂತ ಅಪಾಯಕಾರಿ ಎಂದು ನಾನು ಹೇಳುವುದಕ್ಕೆ ಕಾರಣ ಸೀಮೆಎಣ್ಣೆ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಎಂಜಿನು ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿಕೊಳ್ಳುವ ಪದ್ಧತಿಯನ್ನು ಎಲ್ಲರೂ ಬಲ್ಲರು. ಪೆಟ್ರೋಲಿಗೆ ಹೋಲಿಸಿದರೆ ಸೀಮೆಎಣ್ಣೆಯ ಆಕ್ಟೇನ್ ಗುಣ ತೀರ ಕಡಮೆ. ಎಂದರೆ ಒತ್ತಡವೂ ಬಿಸಿಯೂ ಏರಿದಾಗ ಅದು ಕಿಡಿಯ ಅಪ್ಪಣೆಯನ್ನು ಕಾಯದೆ ತಾನಾಗಿಯೇ ಭುಗಿಲೇಳುವ ಸ್ವಭಾವದ್ದು. ಸಿಲಿಂಡರಿನೊಳಗೆ ಕಟಕಟನೆ ಕೇಳುವ ಆ ಬಡಿತವೇ ಪಿಸ್ಟನ್ನಿನ ತಲೆಯನ್ನು ತಿನ್ನುವ ರೋಗ. ಆದುದರಿಂದಲೇ ಸೀಮೆಎಣ್ಣೆಯ ಎಂಜಿನುಗಳನ್ನು ಕಡಮೆ ಒತ್ತಡದಲ್ಲಿ ದುಡಿಯುವಂತೆ ರಚಿಸಿರುತ್ತಾರೆ. ತಯಾರಕರು ಇಷ್ಟು ಎಚ್ಚರದಿಂದ ತಗ್ಗಿಸಿದ ಒತ್ತಡವನ್ನು, ಒಂದೆರಡು ಇಂಚು ಪಿಚ್ಚು ಹೆಚ್ಚಿರುವ ಫ್ಯಾನನ್ನು ಕಟ್ಟಿ ನಾವು ಮತ್ತೊಂದು ದಾರಿಯಿಂದ ಏರಿಸುತ್ತೇವೆ. ನನ್ನ ಪರಿಚಯದ ಅಣ್ಣತಮ್ಮಂದಿರಿಬ್ಬರು ಹೊಸ ಎಂಜಿನು ತಂದ ವರ್ಷವೇ ಅದಕ್ಕೆ ದೊಡ್ಡ ಫ್ಯಾನನ್ನು ಕೇಳಿ ಪಡೆದರು. ಕೊಟ್ಟವನೂ "ಸ್ಪೀಡ್ ಬರುತ್ತದೆ" ಎಂದೇ ಕೊಟ್ಟನು. ದೀಪಾವಳಿಯ ಹೊತ್ತಿಗೆ ಪಿಸ್ಟನ್ನಿನಲ್ಲಿ ಕಿರುಬೆರಳು ತೂರುವಷ್ಟು ತೂತು. ಅವರು ಎಣ್ಣೆಯನ್ನು ಬಯ್ದರು, ಎಣ್ಣೆ ಕೊಟ್ಟ ಡಿಪೋವನ್ನು ಬಯ್ದರು, ಎಂಜಿನು ಮಾಡಿದ ದೇಶವನ್ನೂ ಬಯ್ದರು. ಫ್ಯಾನನ್ನು ಮಾತ್ರ ತೊಳೆದು ಒರೆಸಿ ಹೊಸ ಪಿಸ್ಟನ್ನಿನ ಎಂಜಿನಿಗೆ ಮತ್ತೆ ಕಟ್ಟಿದರು.

ಇನ್ನು ಎದುರು ತುದಿಯ ದೋಷ. ಪಿಚ್ಚು ಸಾಲದ ಫ್ಯಾನು ನೀರನ್ನು ಬಾಚಿ ಹಿಡಿಯುವುದಿಲ್ಲ. ಹೊರೆಯಿಲ್ಲದ ಎಂಜಿನು ಮಿತಿಯನ್ನು ಮೀರಿ ಓಡುತ್ತದೆ. ಪಿಸ್ಟನ್ನು ಪ್ರತಿ ಸುತ್ತಿನಲ್ಲಿಯೂ ಮೇಲೆ ಹೋಗಿ ನಿಂತು, ಕೆಳಗೆ ಬಂದು ನಿಂತು, ದಿಕ್ಕು ಬದಲಿಸಬೇಕಾದ ವಸ್ತು. ಹಾಗೆ ಅದನ್ನು ನಿಲ್ಲಿಸಿ ತಿರುಗಿಸಲು ಕನೆಕ್ಟಿಂಗ್ ರಾಡು ಅನುಭವಿಸಬೇಕಾದ ಎಳೆತವು ಸುತ್ತುಗಳ ವರ್ಗದಂತೆ ಬೆಳೆಯುತ್ತದೆ. 5500 ಸುತ್ತಿನ ಎಂಜಿನು 6600ಕ್ಕೆ ಏರಿದರೆ ವೇಗ ಹೆಚ್ಚಿದ್ದು ಐದರಲ್ಲೊಂದು ಪಾಲು ಮಾತ್ರ. ರಾಡಿನ ಮೇಲಿನ ಎಳೆತವಾದರೋ ಹೆಚ್ಚುಕಡಮೆ ಒಂದೂವರೆಯಷ್ಟಾಯಿತು. ಇಂದಿನ ದೊಡ್ಡ ಎಂಜಿನುಗಳಲ್ಲಿ ಮಿತಿಮೀರಿದೊಡನೆ ಕಿಡಿಯನ್ನು ತಡೆದು ವೇಗ ಇಳಿಸುವ ವಿದ್ಯುತ್ ಕಾವಲುಗಾರನಿರುತ್ತಾನೆ. ಕೈಯಿಂದ ಹಗ್ಗ ಎಳೆದು ಸ್ಟಾರ್ಟ್ ಮಾಡುವ ಹಳೆಯ ಸಣ್ಣ ಎಂಜಿನುಗಳಲ್ಲಿ ಅನೇಕಕ್ಕೆ ಆ ಭಾಗ್ಯವಿಲ್ಲ.

ಆದರೆ ಚೀರುವ ಎಂಜಿನೆಲ್ಲ ಪಿಚ್ಚು ಸಾಲದುದರಿಂದಲೇ ಚೀರುತ್ತದೆ ಎಂದು ತೀರ್ಮಾನಿಸುವುದೂ ಅವಸರವಾದೀತು. ಗುಂಬದೊಳಗಿನ ರಬ್ಬರ್ ಬುಶ್ ಸವೆದು ಜಾರುತ್ತಿದ್ದರೂ ಎಂಜಿನು ಹಾಗೆಯೇ ಕೂಗುತ್ತದೆ, ದೋಣಿ ಇದ್ದಲ್ಲೇ ಇರುತ್ತದೆ. ಎಂಜಿನನ್ನು ದೋಣಿಯ ಹಿಂಬದಿಯ ಹಲಗೆಗೆ ತೀರ ಮೇಲಕ್ಕೆ ಕಟ್ಟಿದ್ದರೆ, ಫ್ಯಾನಿನ ಮೇಲುಗಡೆ ಇರುವ ಅಡ್ಡತಟ್ಟೆ ನೀರಿನಿಂದ ಹೊರಗುಳಿದು, ಮೇಲಿನ ಗಾಳಿ ರೆಕ್ಕೆಗಳ ನಡುವೆ ಇಳಿಯುತ್ತದೆ. ಗಾಳಿ ಬೆರೆತ ನೀರನ್ನು ಯಾವ ಫ್ಯಾನೂ ಹಿಡಿಯಲಾರದು. ಇದನ್ನೆಲ್ಲ ನೋಡದೆ ಪಿಚ್ಚನ್ನು ಏರಿಸುವುದು, ಚಳಿಜ್ವರವೆಲ್ಲವೂ ಮಲೇರಿಯವೆಂದು ಕ್ವಿನೈನು ಕುಡಿಸಿದ ಹಾಗೆ.

ಎಂಜಿನಿಗೂ ಫ್ಯಾನಿಗೂ ಇರಬೇಕಾದ ಈ ಹೊಂದಿಕೆಯು ಸಾಮಾನ್ಯರ ಬುದ್ಧಿಗೆ ಮಾತ್ರ ಸಿಕ್ಕದ ವಿಷಯವೆಂದು ಯಾರೂ ಖಿನ್ನರಾಗಬೇಕಾಗಿಲ್ಲ. ಇದರ ಚರಿತ್ರೆಯೇ ಸೋಜಿಗದ್ದು. ಫ್ರಾನ್ಸಿಸ್ ಪೆಟಿಟ್ ಸ್ಮಿತ್ ಎಂಬ ಇಂಗ್ಲೆಂಡಿನ ಒಬ್ಬ ಬೇಸಾಯಗಾರನು 1836ರಲ್ಲಿ ಹಡಗನ್ನು ತಳ್ಳುವ ತಿರುಪಿಗೆ ಪೇಟೆಂಟು ಪಡೆದನು. ಅದು ಎರಡು ಪೂರ್ತಿ ಸುತ್ತುಗಳುಳ್ಳ ಉದ್ದನೆಯ ಮರದ ತಿರುಪು. ಮರುವರ್ಷ ಲಂಡನ್ನಿನ ಪ್ಯಾಡಿಂಗ್‌ಟನ್ ಕಾಲುವೆಯಲ್ಲಿ ದೋಣಿಯನ್ನು ಓಡಿಸಿ ಪರೀಕ್ಷಿಸುತ್ತಿದ್ದಾಗ ಏನಕ್ಕೋ ತಾಗಿ ಅದರ ಅರ್ಧ ಮುರಿದು ಬಿದ್ದಿತು. ದೋಣಿ ನಿಲ್ಲಬೇಕಾಗಿತ್ತು, ಬದಲಾಗಿ ಮೊದಲಿಗಿಂತ ವೇಗವಾಗಿ ಓಡಿತು. ಅರ್ಧ ತಿರುಪಿನ ಹೊರೆ ಕಳಚಿದ ಮೇಲೆ ಎಂಜಿನಿಗೆ ಉಸಿರು ಬಂದಿತ್ತು. ಹೆಚ್ಚಿದಷ್ಟೂ ಒಳ್ಳೆಯದು ಎಂಬ ಮಾತು ಫ್ಯಾನಿನ ವಿಷಯದಲ್ಲಿ ಸುಳ್ಳೆಂಬುದು ಹೀಗೆ, ಅದರ ಹುಟ್ಟಿನ ಮರುವರ್ಷದಲ್ಲಿಯೇ, ಆಕಸ್ಮಿಕವಾಗಿ ಸಿದ್ಧಪಟ್ಟಿತು.

ಮತ್ತೊಂದು ನಿದರ್ಶನವು ಇದಕ್ಕೆ ತದ್ವಿರುದ್ಧವಾದುದು. ಚಾರ್ಲ್ಸ್ ಪಾರ್ಸನ್ಸ್ ತನ್ನ ಹಬೆಯ ಟರ್ಬೈನನ್ನು ಕೂಡಿಸಿ ಟರ್ಬಿನಿಯ ಎಂಬ ನೌಕೆಯನ್ನು 1894ರಲ್ಲಿ ನೀರಿಗಿಳಿಸಿದಾಗ ಅದರ ವೇಗವು ಇಪ್ಪತ್ತು ನಾಟಿನ, ಎಂದರೆ ಗಂಟೆಗೆ ಇಪ್ಪತ್ತು ನಾಟಿಕಲ್ ಮೈಲಿಯ, ಆಸುಪಾಸಿಗೇ ನಿಂತಿತು. ಎಂಜಿನಿನಲ್ಲಿ ಕೊರತೆಯಿರಲಿಲ್ಲ. ಅತಿವೇಗದಿಂದ ತಿರುಗುತ್ತಿದ್ದ ಒಂದೇ ಫ್ಯಾನಿನ ರೆಕ್ಕೆಗಳ ಬೆನ್ನಿನಲ್ಲಿ ನೀರಿನ ಒತ್ತಡ ಇಳಿದಿಳಿದು, ನೀರು ತಣ್ಣಗಿರುವಾಗಲೇ ಕುದಿದಂತೆ ಆವಿಯ ಗುಳ್ಳೆಗಳಾಗಿ ಒಡೆಯುತ್ತಿತ್ತು. ಫ್ಯಾನು ತಳ್ಳುತ್ತಿದ್ದುದು ನೀರನ್ನಲ್ಲ, ಶೂನ್ಯವನ್ನು. ಪಾರ್ಸನ್ಸನು ಗಾಜಿನ ಕಿಟಕಿಯ ತೊಟ್ಟಿಯೊಂದನ್ನು ಕಟ್ಟಿಸಿ, ತಿರುಗುವ ಮಾದರಿ ಫ್ಯಾನಿನ ಹಿಂದೆ ಆ ಗುಳ್ಳೆಗಳು ಹುಟ್ಟುವುದನ್ನು ಕಣ್ಣಾರೆ ಕಂಡನು. ಬಳಿಕ ಹೊರೆಯನ್ನು ಮೂರು ದಂಡಗಳ ಮೇಲೆ, ದಂಡಕ್ಕೆ ಮೂರರಂತೆ ಒಂಬತ್ತು ಫ್ಯಾನುಗಳಿಗೆ ಹಂಚಿದನು. 1897ರಲ್ಲಿ, ವಿಕ್ಟೋರಿಯ ರಾಣಿಯ ವಜ್ರಮಹೋತ್ಸವದ ನೌಕಾಪ್ರದರ್ಶನದಲ್ಲಿ, ಅದೇ ನೌಕೆ ಆಹ್ವಾನವಿಲ್ಲದೆ ನುಗ್ಗಿ, ಬ್ರಿಟಿಷ್ ನೌಕಾಪಡೆಯ ಕಾವಲು ದೋಣಿಗಳಿಗೆ ಸಿಕ್ಕದಂತೆ ಓಡಿ ತೋರಿಸಿತು. ಅದರ ವೇಗ ಮೂವತ್ತುನಾಲ್ಕು ನಾಟನ್ನು ಮುಟ್ಟಿತ್ತು. ನಮ್ಮ ಕರಾವಳಿಯ 9.9 ಅಶ್ವಶಕ್ತಿಯ ಎಂಜಿನಿಗೂ ಈ ಕಥೆಗೂ ಏನು ಸಂಬಂಧವೆಂದು ಕೇಳುವವರಿಗೆ ನನ್ನ ಉತ್ತರವಿಷ್ಟೆ: ಪಾರ್ಸನ್ಸನು ಮೊದಲು ಅಳೆದನು, ಆಮೇಲೆ ಬದಲಾಯಿಸಿದನು.

ನಮ್ಮಲ್ಲಿ ಅಳೆಯುವವರು ಯಾರು? ಎಂಜಿನಿನ ಜೊತೆಯಲ್ಲಿ ಪೆಟ್ಟಿಗೆಯೊಳಗೆ ಬಂದ ಫ್ಯಾನನ್ನೇ ಬಹುಮಂದಿ ಕಟ್ಟುತ್ತಾರೆ. ಅದು ಯಾವ ದೋಣಿಗಾಗಿ ಆರಿಸಿದ ಫ್ಯಾನು? ಎಂಜಿನು ತಯಾರಿಸಿದವನಿಗೆ ಗಂಗೊಳ್ಳಿಯ ದೋಣಿಯ ಉದ್ದವೂ ತಿಳಿಯದು, ಹೊನ್ನಾವರದ ದೋಣಿಯ ತೂಕವೂ ತಿಳಿಯದು. ಎಲ್ಲಕ್ಕೂ ಒಂದು ಮಟ್ಟಿಗೆ ಒಗ್ಗುವ ನಡುವಣ ಅಳತೆಯೊಂದನ್ನು ಅವನು ಕಳುಹಿಸಿರುತ್ತಾನೆ, ಅಷ್ಟೆ. ಭಾರದ ದೋಣಿಗೆಂದು ಕಡಮೆ ಪಿಚ್ಚಿನ, ರೆಕ್ಕೆ ಅಗಲವಾದ ಫ್ಯಾನುಗಳೂ ಅದೇ ತಯಾರಕರ ಪಟ್ಟಿಯಲ್ಲಿರುತ್ತವೆ. ಆದರೆ ಅಂಗಡಿಯಲ್ಲಿ ಅವನ್ನು ಇಟ್ಟಿರುವುದಿಲ್ಲ, ಏಕೆಂದರೆ ಕೇಳುವವರಿಲ್ಲ. ಕೇಳುವವರಿಲ್ಲ, ಏಕೆಂದರೆ ಇಂತಹುದೊಂದು ಇದೆಯೆಂದು ಹೇಳಿದವರಿಲ್ಲ. ಕಲ್ಲಿಗೆ ತಾಗಿ ಬಾಗಿದ ರೆಕ್ಕೆಯನ್ನು ಸುತ್ತಿಗೆಯಿಂದ ತಟ್ಟಿ ನೆಟ್ಟಗೆ ಮಾಡಿಸಿದ ಮೇಲಂತೂ ಗುಂಬದ ಮೇಲಿನ ಅಂಕಿಗೂ ರೆಕ್ಕೆಯ ನಿಜವಾದ ಪಿಚ್ಚಿಗೂ ನಂಟು ಹರಿದುಹೋಗಿರುತ್ತದೆ. ಮೂರು ರೆಕ್ಕೆಗಳಿಗೆ ಮೂರು ಪಿಚ್ಚುಗಳಾದ ಫ್ಯಾನುಗಳನ್ನೂ ನಾನು ನೋಡಿದ್ದೇನೆ.

10 ಅಶ್ವಶಕ್ತಿಯ ಮಿತಿಯ ಮಾತನ್ನು ಆರಂಭದಲ್ಲಿ ಎತ್ತಿದೆನಷ್ಟೆ. ಈ ಚರ್ಚೆಯ ತಿರುಳು ನನಗೆ ಕಾಣುವುದು ಅಲ್ಲಿಯೇ. ಮಳೆಗಾಲದ ಎರಡು ತಿಂಗಳು ಕಡಲಿಗಿಳಿಯಬೇಕಾದವನು ಆ ಮಿತಿಯನ್ನು ದಾಟುವಂತಿಲ್ಲ. ಆದಕಾರಣ ಅವನು 9.9 ಎಂದು ಬರೆದಿರುವ ಎಂಜಿನನ್ನು ಸಾಲ ಮಾಡಿ ಕೊಳ್ಳುತ್ತಾನೆ. ಆದರೆ ಮುಚ್ಚಳದ ಮೇಲಿನ ಆ ಅಂಕಿ ಎಂಜಿನು ತನ್ನ ಕ್ಷೇಮದ ಪ್ರದೇಶದಲ್ಲಿ, ಸರಿಸುಮಾರು 5000 ಸುತ್ತಿನಲ್ಲಿ, ತಿರುಗಿದಾಗ ಮಾತ್ರ ಸತ್ಯವಾಗುವ ಅಂಕಿ. ಹೆಚ್ಚಿನ ಪಿಚ್ಚಿನ ಫ್ಯಾನು ಅದನ್ನು 4000ಕ್ಕೆ ಕಟ್ಟಿಹಾಕಿದಾಗ, ತಿರುಚುವ ಬಲ ಬಹುಮಟ್ಟಿಗೆ ಅಷ್ಟೇ ಇರುವುದೆಂದು ಲೆಕ್ಕ ಹಾಕಿದರೆ, ಕೈಗೆ ಸಿಕ್ಕುವುದು ಎಂಟು ಅಶ್ವಶಕ್ತಿಯ ಆಸುಪಾಸು. ಎರಡು ಕುದುರೆಗಳಿಗೆ ಮೇವನ್ನು ಹಾಕಿ ಲಾಯದಲ್ಲಿಯೇ ಕಟ್ಟಿಟ್ಟ ಹಾಗಾಯಿತು. ಹೆಚ್ಚು ಶಕ್ತಿಯ ಎಂಜಿನಿಗೆ ಅನುಮತಿ ಬೇಕೆಂಬ ಕೂಗು ಆಗಾಗ ಏಳುವುದುಂಟು. ಅದರ ನ್ಯಾಯಾನ್ಯಾಯವನ್ನು ಇಲ್ಲಿ ನಾನು ಎತ್ತಿಕೊಳ್ಳುವುದಿಲ್ಲ. ಆದರೆ ಈಗ ಇರುವ ಎಂಜಿನೇ ತನ್ನ ಪೂರ್ತಿ ಶಕ್ತಿಯನ್ನು ನೀರಿಗೆ ಕೊಡುತ್ತಿದೆಯೇ ಎಂದು ನೋಡಿಕೊಳ್ಳುವುದಕ್ಕೆ ಯಾವ ಕಾನೂನೂ ಅಡ್ಡ ಬರುವುದಿಲ್ಲ.

ಇದು ಹಣದ ಪ್ರಶ್ನೆ ಮಾತ್ರವಲ್ಲ. ಅಳಿವೆಯನ್ನು ದಾಟುವ ದೋಣಿಯನ್ನು ಗಮನಿಸಿರಿ. ಅಲೆಯ ನೆತ್ತಿಯ ಮೇಲೆ ದೋಣಿಯ ಮೂತಿ ಮುಂದಕ್ಕೆ ಬಾಗಿದಾಗ ಹಿಂಬದಿ ಎದ್ದು ಫ್ಯಾನು ಗಾಳಿಗೆ ಬರುತ್ತದೆ. ಆ ಕ್ಷಣ ಎಂಜಿನು ಹುಚ್ಚೆದ್ದಂತೆ ತಿರುಗುತ್ತದೆ, ಅನುಭವಿಯಾದ ತಾಂಡೇಲನು ಆಕ್ಸಿಲರೇಟರನ್ನು ಇಳಿಸುತ್ತಾನೆ. ಮರುಕ್ಷಣ ಫ್ಯಾನು ಮತ್ತೆ ನೀರಿನಲ್ಲಿ ಮುಳುಗುತ್ತದೆ, ಆಗ ಮುಂದಿನ ಅಲೆ ಒಡೆಯುವುದರೊಳಗೆ ದೋಣಿ ಹತ್ತಿಪ್ಪತ್ತು ಮಾರು ಮುಂದಕ್ಕೆ ಹೋಗಿರಲೇಬೇಕು. ಹೆಚ್ಚಿನ ಪಿಚ್ಚಿನ ಫ್ಯಾನು ಕಟ್ಟಿದ ಎಂಜಿನಿಗೆ ತಗ್ಗಿದ ವೇಗದಿಂದ ಮೇಲೇಳುವ ಚುರುಕಿರುವುದಿಲ್ಲ. ಆಕ್ಸಿಲರೇಟರ್ ಕೊಟ್ಟರೂ ಅದು ನರಳುತ್ತ, ಯೋಚಿಸುತ್ತ, ನಿಧಾನವಾಗಿ ಏಳುತ್ತದೆ. ದೋಣಿ ಅಲೆಗೆ ಅಡ್ಡಲಾಗಿ ಹೊರಳಿಕೊಳ್ಳಲು ಆ ವಿಳಂಬವೇ ಸಾಕು. ಇತ್ತ ಪಿಚ್ಚು ಸಾಲದ ಫ್ಯಾನೂ ಗಾಳಿಗೆ ಬಂದಾಗ, ಮೊದಲೇ ಮಿತಿಯ ಅಂಚಿನಲ್ಲಿದ್ದ ಎಂಜಿನನ್ನು ಮಿತಿಯ ಬಹುದೂರ ಆಚೆಗೆ ಎಸೆಯುತ್ತದೆ. ಮಳೆಗಾಲದಲ್ಲಿ ಅಳಿವೆಯ ಬಾಯಿಯಲ್ಲಿ ದೋಣಿ ಮಗುಚಿದ ಸುದ್ದಿಯನ್ನು ಓದಿದಾಗಲೆಲ್ಲ ಹೂಳಿನ, ಗಾಳಿಯ, ವಿಧಿಯ ಮಾತುಗಳು ಬರುತ್ತವೆ, ಅವು ಸುಳ್ಳಲ್ಲ. ಆದರೆ ಆ ದೋಣಿಯ ಹಿಂದೆ ಎಷ್ಟು ಇಂಚಿನ ಫ್ಯಾನಿತ್ತು ಎಂದು ಕೇಳಿದವರನ್ನು ಮಾತ್ರ ನಾನು ಕಂಡಿಲ್ಲ.

ಅಳೆಯುವ ಕೆಲಸವು ಕಷ್ಟದ್ದೇ ಆಗಿದ್ದರೆ ಈ ಔದಾಸೀನ್ಯವನ್ನು ಕ್ಷಮಿಸಬಹುದಾಗಿತ್ತು. ಸ್ಪಾರ್ಕ್ ಪ್ಲಗ್ಗಿನ ತಂತಿಗೆ ನಾಲ್ಕು ಸುತ್ತು ಸುತ್ತಿದರೆ ಸುತ್ತುಗಳನ್ನು ಎಣಿಸಿ ತೋರಿಸುವ, ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಟ್ಯಾಕೋಮೀಟರುಗಳು ಇಂದು ಒಂದು ಬುಟ್ಟಿ ಬಂಗುಡೆಯ ಬೆಲೆಗಿಂತ ಕಡಮೆಗೆ ಸಿಕ್ಕುತ್ತವೆ. ಶಾಂತವಾದ ನೀರಿನಲ್ಲಿ, ದಿನನಿತ್ಯದ ಬಲೆ, ಇಂಧನ, ಆಳುಗಳೊಡನೆ, ಪೂರ್ತಿ ಆಕ್ಸಿಲರೇಟರ್ ಕೊಟ್ಟು ಒಂದು ನಿಮಿಷ ಹೋಗುವಾಗಲೂ ಒಂದು ನಿಮಿಷ ಬರುವಾಗಲೂ ಅಂಕಿಯನ್ನು ನೋಡಿದರೆ ಆಯಿತು. ಒಂದು ಇಂಚು ಪಿಚ್ಚು ಇಳಿಸಿದರೆ ಎಂಜಿನು ಸುಮಾರು 150ರಿಂದ 200 ಸುತ್ತು ಏರುತ್ತದೆ, ಏರಿಸಿದರೆ ಅಷ್ಟೇ ಇಳಿಯುತ್ತದೆ ಎಂಬುದು ಬಹುಕಾಲದಿಂದ ಬಂದ ಅಂದಾಜು. ಭಾರದ ದೋಣಿಗಳಲ್ಲಿ ಇದಕ್ಕಿಂತ ಹೆಚ್ಚುಕಡಮೆಯಾಗಬಹುದು. 5000ಕ್ಕೆ ಬರಬೇಕಾದ ಎಂಜಿನು 4600ಕ್ಕೆ ನಿಂತಿದ್ದರೆ ಎರಡು ಇಂಚು ಕಡಮೆಯ ಫ್ಯಾನನ್ನು ಕಟ್ಟಿ ಮತ್ತೊಮ್ಮೆ ಅಳೆದು ನೋಡತಕ್ಕದ್ದು.

ಇಲ್ಲಿ ಒಂದು ನಿಜವಾದ ತೊಡಕನ್ನು ಮುಚ್ಚಿಡುವುದು ಸರಿಯಲ್ಲ. ಬೆಳಗ್ಗೆ ಬರಿದಾಗಿ ಹೋದ ದೋಣಿ ಮಧ್ಯಾಹ್ನ ಒದ್ದೆ ಬಲೆಯನ್ನೂ, ದೇವರು ಕಣ್ಣು ತೆರೆದಿದ್ದರೆ ಬೂತಾಯಿಯ ರಾಶಿಯನ್ನೂ ಹೊತ್ತು ಬರುತ್ತದೆ. ಯಾವ ಹೊರೆಗೆ ಫ್ಯಾನನ್ನು ಹೊಂದಿಸಬೇಕು? ತುಂಬಿದ ದೋಣಿಯಲ್ಲಿ ಎಂಜಿನು ಮಿತಿಯ ಕೆಳ ಅಂಚಿಗಿಂತ ಇಳಿಯದೆ, ಬರಿದಾದ ದೋಣಿಯಲ್ಲಿ ಮೇಲಂಚನ್ನು ಮೀರದೆ ಇರುವಂತಹ ಫ್ಯಾನೇ ತಕ್ಕ ಫ್ಯಾನು. ಎರಡೂ ಒಂದರಲ್ಲಿ ಸಾಧ್ಯವಾಗದಿದ್ದರೆ ತುಂಬಿದ ದೋಣಿಯ ಪಕ್ಷವನ್ನೇ ಹಿಡಿಯಬೇಕೆಂದು ನನ್ನ ಮತ. ಬರಿದಾಗಿ ಹೋಗುವಾಗ ಆಕ್ಸಿಲರೇಟರನ್ನು ಸ್ವಲ್ಪ ಇಳಿಸಿಕೊಳ್ಳುವುದು ಕೈಯಲ್ಲಿರುವ ಮಾತು. ತುಂಬಿ ಬರುವಾಗ ಇಲ್ಲದ ಸುತ್ತನ್ನು ತರುವುದು ಯಾರ ಕೈಯಲ್ಲೂ ಇಲ್ಲ. ಹಾಗೆ ಇಳಿಸಿಕೊಳ್ಳುವುದರಲ್ಲಿ ಲಾಭವೂ ಉಂಟು. ಫ್ಯಾನು ಬೇಡುವ ಶಕ್ತಿಯು ಸುತ್ತುಗಳ ಘನದಂತೆ ಏರಿಳಿಯುವುದರಿಂದ, 5000ದಿಂದ 4000ಕ್ಕೆ ಇಳಿದರೆ ಬೇಕಾದ ಶಕ್ತಿ ಹೆಚ್ಚುಕಡಮೆ ಅರ್ಧಕ್ಕೆ ಇಳಿಯುತ್ತದೆ. ಆದರೆ ನೆನಪಿಡಬೇಕು: ತಕ್ಕ ಫ್ಯಾನಿನೊಡನೆ ಆಕ್ಸಿಲರೇಟರ್ ಇಳಿಸಿ 4000ದಲ್ಲಿ ಹೋಗುವುದು ವಿಶ್ರಾಂತಿ, ತಕ್ಕುದಲ್ಲದ ಫ್ಯಾನಿನೊಡನೆ ಪೂರ್ತಿ ಆಕ್ಸಿಲರೇಟರ್ ಕೊಟ್ಟು 4000ದಲ್ಲಿ ನಿಲ್ಲುವುದು ಹಿಂಸೆ. ಅಂಕಿ ಒಂದೇ, ಅವಸ್ಥೆ ಬೇರೆ. ಸಂಸ್ಕೃತದ ಆಲಂಕಾರಿಕ ಕ್ಷೇಮೇಂದ್ರನು ಕಾವ್ಯದ ಜೀವವೆಂದು ಸಾರಿದ ಔಚಿತ್ಯವು ಮಲ್ಪೆಯ ಧಕ್ಕೆಯಲ್ಲಿಯೂ ಬೇಕಾದೀತೆಂದು ಅವನು ಎಣಿಸಿರಲಾರನು.

ಸೀಮೆಎಣ್ಣೆಯ ಎಂಜಿನುಗಳನ್ನು ಬಿಟ್ಟು ಪೆಟ್ರೋಲಿನ ಅಥವಾ ಡೀಸೆಲಿನ ಎಂಜಿನುಗಳಿಗೆ ಬದಲಾಗಲು ನಾಡದೋಣಿಗಳಿಗೆ ಸಹಾಯಧನ ಕೊಡುವ ಮಾತನ್ನು ಸರ್ಕಾರವು 2023ರ ಮುಂಗಡಪತ್ರದಲ್ಲಿ ಆಡಿತು. ಹಳೆಯ ಎಂಜಿನು ಹೋಗಿ ಹೊಸ ಎಂಜಿನು ಬರುವ ಈ ಕಾಲವೇ ನಾನು ಹೇಳುತ್ತಿರುವ ಕೆಲಸಕ್ಕೆ ಸುಮುಹೂರ್ತ. ಎಂಜಿನು ಬದಲಾದಾಗ ಗೇರಿನ ಅನುಪಾತ ಬದಲಾಗುತ್ತದೆ, ಸುತ್ತಿನ ಮಿತಿ ಬದಲಾಗುತ್ತದೆ. ಹಳೆಯ ಫ್ಯಾನಿನ ಅಂಕಿಯನ್ನು ನೆನಪಿನಲ್ಲಿಟ್ಟು ಹೊಸದನ್ನು ಕೊಳ್ಳುವವನು ಖಂಡಿತವಾಗಿ ತಪ್ಪುವನು. ಸಹಾಯಧನದ ಕಡತಕ್ಕೆ ಎಂಜಿನಿನ ಬಿಲ್ಲು, ದೋಣಿಯ ನೋಂದಣಿ, ಬ್ಯಾಂಕಿನ ಪುಸ್ತಕ, ಭಾವಚಿತ್ರ ಇಷ್ಟೆಲ್ಲ ಲಗತ್ತಿಸಬೇಕಾಗುತ್ತದೆ. ಅವುಗಳ ಜೊತೆಗೆ ಇನ್ನೊಂದು ಚೀಟಿ ಇರಲಿ: ಈ ದೋಣಿಗೆ ಈ ಎಂಜಿನನ್ನು, ಇಷ್ಟು ವ್ಯಾಸದ ಇಷ್ಟು ಪಿಚ್ಚಿನ ಫ್ಯಾನಿನೊಡನೆ ಕಟ್ಟಿ, ನೀರಿನಲ್ಲಿ ಓಡಿಸಿ ನೋಡಲಾಗಿ, ಪೂರ್ತಿ ಆಕ್ಸಿಲರೇಟರಿನಲ್ಲಿ ಇಷ್ಟು ಸುತ್ತು ಬಂದಿತು ಎಂದು. ಎಂಜಿನು ಮಾರಿದವನೇ ಆ ಚೀಟಿಗೆ ಸಹಿ ಹಾಕಲಿ. ಅಂಕಿ ಮಿತಿಯೊಳಗೆ ಬಾರದಿದ್ದರೆ ಫ್ಯಾನನ್ನು ಬದಲಿಸಿಕೊಡುವುದು ಅವನ ಹೊಣೆಯಾಗಲಿ. ಪ್ರತಿ ಬಂದರಿನ ಮೀನುಗಾರರ ಸೊಸೈಟಿಯಲ್ಲಿ ಒಂದು ಟ್ಯಾಕೋಮೀಟರೂ, ಪರೀಕ್ಷೆಗಾಗಿ ಬೇರೆ ಬೇರೆ ಪಿಚ್ಚಿನ ನಾಲ್ಕಾರು ಫ್ಯಾನುಗಳೂ ಇದ್ದು, ಬೇಕಾದವರು ಒಂದು ದಿನದ ಮಟ್ಟಿಗೆ ಒಯ್ದು ಕಟ್ಟಿ ನೋಡಿ ಹಿಂದಿರುಗಿಸುವ ಏರ್ಪಾಡಾದರೆ, ಅದಕ್ಕೆ ತಗಲುವ ಹಣವು ಒಂದು ಉದ್ಘಾಟನೆಯ ಚಪ್ಪರದ ಖರ್ಚಿಗಿಂತ ಹೆಚ್ಚಾಗಲಾರದು. ನಮ್ಮ ಜನ ವೇಗಕ್ಕಾಗಿ ದೊಡ್ಡ ಫ್ಯಾನನ್ನೇ ಕೇಳುತ್ತಾರೆ, ಹೇಳಿದರೆ ಕೇಳುವುದಿಲ್ಲ ಎಂದು ಅಂಗಡಿಯವರು ನನ್ನೊಡನೆ ವಾದಿಸಿದ್ದುಂಟು. ಇರಬಹುದು. ಆದರೆ ಎರಡು ಫ್ಯಾನುಗಳನ್ನು ಕಟ್ಟಿ ಒಂದೇ ದಿನ ಓಡಿಸಿ ತೋರಿಸಿದಾಗ, ಚಿಕ್ಕ ಪಿಚ್ಚಿನದರಲ್ಲಿ ತುಂಬಿದ ದೋಣಿ ಬೇಗ ದಡ ಸೇರಿದ್ದನ್ನು ಕಣ್ಣಾರೆ ಕಂಡೂ ದೊಡ್ಡದನ್ನೇ ಬೇಡುವಷ್ಟು ಹಟಮಾರಿಗಳು ನಮ್ಮ ಮೀನುಗಾರರು ಎಂದು ನಾನು ನಂಬಲಾರೆ.

ಆ ದಿನ ಮಧ್ಯಾಹ್ನದ ವರೆಗೂ ನಾನು ಅಳಿವೆಯ ದಂಡೆಯಲ್ಲಿಯೇ ಇದ್ದೆನು. ದೋಣಿಗಳು ಹಿಂದಿರುಗತೊಡಗಿದುವು. ಬೆಳಗ್ಗೆ ನರಳುತ್ತ ಹೋದ ದೋಣಿಯು ಕಣ್ಣಿಗೆ ಕಾಣುವ ಮೊದಲೇ ತಾಂಡೇಲರು ಅದರ ದನಿಯನ್ನು ಗುರುತಿಸಿದರು. ಹೊರೆ ಹೆಚ್ಚಿದುದರಿಂದ ಆ ದನಿ ಇನ್ನಷ್ಟು ತಗ್ಗಿತ್ತು. ಅದು ಅಳಿವೆಯ ಹೊರಗೆ ಬಹಳ ಹೊತ್ತು ಕಾದು, ಒಮ್ಮೆ ಹಿಂಜರಿದು, ಎರಡನೆಯ ಸಲ ಹೇಗೋ ಒಳಕ್ಕೆ ಬಂದಿತು. ದೋಣಿ ದಡ ಮುಟ್ಟಿದಾಗ ಮುದುಕರು ಕೊಡೆಯನ್ನು ಊರಿಕೊಂಡು ಎದ್ದು ಹೋಗಿ, ಹುಡುಗರು ಮೇಲಕ್ಕೆತ್ತಿ ಬಾಗಿಸಿದ್ದ ಎಂಜಿನಿನ ಬಳಿ ಬಗ್ಗಿ, ಫ್ಯಾನಿನ ಗುಂಬದ ಮೇಲಿದ್ದ ಪಾಚಿಯನ್ನು ಹೆಬ್ಬೆರಳಿನಿಂದ ಒರೆಸಿ, ಕಣ್ಣು ಸಾಲದೆ ಅಂಕಿಯನ್ನು ಬೆರಳಿನಿಂದಲೇ ತಡವಿ ಓದತೊಡಗಿದರು. ಬಲೆಯಿಂದ ಮೀನು ಬಿಡಿಸುತ್ತಿದ್ದ ಯುವಕನೊಬ್ಬನು ತಲೆಯೆತ್ತಿ ನೋಡಿ ನಕ್ಕನು.

"ಅಜ್ಜಾ, ಅದ್ ಎಂಜಿನ್ ಒಟ್ಟಿಗೇ ಬಂದದ್ದ್" ಎಂದನು.